ಯಂತ್ರ ಕಾಯಲು ಕಲಿತ ಬಗೆ

ರೈಲು ಟಿಕೆಟ್ಟಿನಿಂದ ಪಿಂಚಣಿಯವರೆಗೆ ಇಂದು ಎಷ್ಟೋ ಕೆಲಸ ಪರದೆಯ ಮೇಲಿನ ಗುಂಡಿ ಒತ್ತಿ, ಚೌಕದಲ್ಲಿ ಹೆಸರು ಬರೆದರೆ ಮುಗಿಯುತ್ತದೆ. ಈ ಸಲೀಸು ಕಂಪ್ಯೂಟರಿನ ಹುಟ್ಟುಗುಣವಲ್ಲ. ಮೊದಮೊದಲು ಅದರದ್ದು ಕೌಂಟರಿನ ಗುಮಾಸ್ತನ ದರ್ಪ (ಅದೇ ಕಸುಬಿನವನಾದ್ದರಿಂದ ನಾನಿದನ್ನು ಹೇಳಬಹುದು). ಅದು ಕೇಳಿದ್ದಕ್ಕೆ, ಕೇಳಿದ ಕ್ರಮದಲ್ಲಿಯೇ ಉತ್ತರ ಕೊಡಬೇಕಿತ್ತು.

ಡಗ್ಲಸ್ ಎಂಗೆಲ್‌ಬಾರ್ಟ್ ಅವರು 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಭೆಯೊಂದರಲ್ಲಿ, ಮೌಸ್ ಹಿಡಿದು ಪರದೆಯ ಮೇಲಿನ ಮಾತುಗಳನ್ನು ಬೇಕಾದಲ್ಲಿ ಮುಟ್ಟಿ ತಿದ್ದಬಹುದೆಂದು ತೋರಿಸಿದರು. ಆದರೆ ಕೈಗೆ ಮೌಸ್ ಬಂದ ಮಾತ್ರಕ್ಕೆ ದರ್ಪ ಅಡಗಲಿಲ್ಲ. ಪಾಲೊ ಆಲ್ಟೊದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ 1974ರಲ್ಲಿ ಸಿದ್ಧವಾದ 'ಬ್ರಾವೊ' ಎಂಬ ಬರವಣಿಗೆಯ ಪ್ರೋಗ್ರಾಮಿಗೆ ಎರಡು ಅವಸ್ಥೆಗಳಿದ್ದವು. ಒಂದರಲ್ಲಿ ಕೀಲಿ ಒತ್ತಿದರೆ ಅಕ್ಷರ ಮೂಡುತ್ತಿತ್ತು. ಇನ್ನೊಂದರಲ್ಲಿ ಅದೇ ಕೀಲಿ ಆಜ್ಞೆಯಾಗುತ್ತಿತ್ತು. ಆಜ್ಞೆಯ ಅವಸ್ಥೆಯಲ್ಲಿದ್ದೇವೆಂಬುದನ್ನು ಮರೆತು ಇಂಗ್ಲಿಷಿನಲ್ಲಿ 'ಎಡಿಟ್' ಎಂದು ಒತ್ತಿದರೋ, ಗ್ರಹಚಾರ! 'ಇ' ಇಡೀ ಬರಹವನ್ನು ಆರಿಸುತ್ತಿತ್ತು, 'ಡಿ' ಅದನ್ನು ಅಳಿಸುತ್ತಿತ್ತು, 'ಐ' ಹೊಸದನ್ನು ಸೇರಿಸಲು ಅಣಿಯಾಗುತ್ತಿತ್ತು. ಕಡೆಗೆ ಪರದೆಯ ಮೇಲೆ ಉಳಿಯುತ್ತಿದ್ದುದು ಒಂಟಿ 'ಟಿ' ಮಾತ್ರ.

ಅದೇ ಕೇಂದ್ರದ ಲ್ಯಾರಿ ಟೆಸ್ಲರ್ ಇಂಥ ಅವಸ್ಥೆಗಳ ಕಡುವೈರಿ. ತಮ್ಮ ಕಾರಿನ ನಂಬರ್ ಫಲಕದ ಮೇಲೂ 'ನೋ ಮೋಡ್ಸ್' ಎಂದು ಹಾಕಿಸಿಕೊಂಡಿದ್ದ ಮನುಷ್ಯ! ಅವರೂ ಟಿಮ್ ಮಾಟ್ ಅವರೂ ಸೇರಿ, ಗಿನ್ ಎಂಬ ಪಠ್ಯಪುಸ್ತಕ ಪ್ರಕಾಶನ ಸಂಸ್ಥೆಯ ಸಂಪಾದಕರಿಗಾಗಿ 1975ರ ಹೊತ್ತಿಗೆ 'ಜಿಪ್ಸಿ'ಯನ್ನು ರೂಪಿಸಿದರು. ಅದರಲ್ಲಿ ಎರಡಕ್ಷರಗಳ ನಡುವೆ ಕ್ಲಿಕ್ ಮಾಡಿ ಟೈಪ್ ಮಾಡಿದರೆ ಬರಹ ಅಲ್ಲೇ ಸೇರುತ್ತಿತ್ತು. ಸಾಮಾನ್ಯ ಟೈಪಿಸ್ಟ್ ಕೂಡ ಹೆದರದೆ ಕೂರಬಹುದಾದ ಯಂತ್ರವೆಂದರೆ ಇದೇ ಎಂದು ನನ್ನ ಅಭಿಪ್ರಾಯ.

ಈ ಬದಲಾವಣೆಯಿಂದ ಪ್ರೋಗ್ರಾಂ ಬರೆಯುವವರ ಕೆಲಸವೂ ತಲೆಕೆಳಗಾಯಿತು. ಮುಂದೇನು ಎಂಬುದನ್ನು ಈಗ ಪ್ರೋಗ್ರಾಂ ನಿರ್ಧರಿಸುವಂತಿಲ್ಲ. ಅದು ಸುಮ್ಮನೆ ಕಾಯಬೇಕು. ಪ್ರತಿಯೊಂದು ಒತ್ತೂ ಬಂದ ಕ್ರಮದಲ್ಲಿ ಸಾಲಿನಲ್ಲಿ ನಿಲ್ಲುತ್ತದೆ. ಪ್ರೋಗ್ರಾಂ ಒಂದೊಂದನ್ನೇ ಎತ್ತಿಕೊಂಡು, ಅದು ಯಾವ ಗುಂಡಿಗೆ, ಯಾವ ಚೌಕಕ್ಕೆ ಸೇರಿದ್ದೆಂದು ನೋಡಿ ಆಯಾ ಕೆಲಸ ಮಾಡಿಸುತ್ತದೆ. 1984ರ ಮ್ಯಾಕಿಂಟಾಷ್‌ನಲ್ಲಿ ಇದೇ ವ್ಯವಸ್ಥೆ. ಅಲ್ಲೊಂದು ದಯೆಯೂ ಇತ್ತು: ಗುಂಡಿ ಕೆಲಸ ಮಾಡುತ್ತಿದ್ದುದು ಒತ್ತಿದಾಗಲ್ಲ, ಬೆರಳೆತ್ತಿದಾಗ. ನಡುವೆ ಮನಸ್ಸು ಬದಲಾದರೆ ಮೌಸನ್ನು ಪಕ್ಕಕ್ಕೆ ಸರಿಸಿ ಬೆರಳೆತ್ತಿದರಾಯಿತು, ಏನೂ ಆಗುತ್ತಿರಲಿಲ್ಲ.

ನಮ್ಮ ಲಿಪಿಗೆ ಈ ಕಾಯುವಿಕೆ ಇನ್ನೂ ಅಗತ್ಯ. 'ಕ್ಷ' ಎಂಬ ಒಂದು ಅಕ್ಷರದ ಒಳಗೆ ಕ, ವಿರಾಮಚಿಹ್ನೆ, ಷ ಎಂಬ ಮೂರು ಸಂಕೇತಗಳಿವೆ. ಒಂದೊಂದು ಸೇರಿದಾಗಲೂ ಪ್ರೋಗ್ರಾಂ ತಾನಾಗಲೇ ತೋರಿಸಿದ ರೂಪವನ್ನು ಅಳಿಸಿ ಮತ್ತೆ ಬರೆಯಬೇಕಾಗುತ್ತದೆ.