ಶ್ರೀರಂಗಪಟ್ಟಣಕ್ಕೆ ಹೊರಡುವ ಮುನ್ನ

ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿಬರುವುದೆಂದು ತೀರ್ಮಾನವಾಯಿತು. ಹನೂರಿನಿಂದ ನಾದಿನಿಯೂ ಬರುತ್ತಾಳೆ. ಮಕ್ಕಳಿಗೆ ದರಿಯಾ ದೌಲತ್, ಸಂಗಮ ಬೇಕು. ನನಗೆ 1799ರ ಮೇ 4ರಂದು ಇಂಗ್ಲಿಷರು ಒಡೆದು ನುಗ್ಗಿದ ಕೋಟೆಗೋಡೆ, ಟಿಪ್ಪುವಿನ ದೇಹ ಸಿಕ್ಕ ಜಾಗ. ಬುತ್ತಿಗೆ ಪುಳಿಯೋಗರೆ, ಮೊಸರನ್ನ.

“ನಡೆಯೋಕಾಗಲ್ಲ ಕಣಮ್ಮ, ನಾನ್ಯಾಕೆ?” ಎಂದರು ಅತ್ತೆ.

ಆ ಯುದ್ಧ ನಮ್ಮ ಮನೆಯದೂ ಹೌದು ಎಂದೆ. ಟಿಪ್ಪು ಬಿದ್ದ ಮೇಲೆ ರಾಜ್ಯ ಹಂಚಿಹೋಯಿತು. ನಮ್ಮ ಕೊಳ್ಳೇಗಾಲ ಇಂಗ್ಲಿಷರ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ನನ್ನ ತವರು ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಟಿಪ್ಪುವಿನ ಮಂತ್ರಿಯೇ ಹೊಸ ದೊರೆಗೂ ದಿವಾನನೆಂದರೆ ತರಗತಿಯಲ್ಲಿ ಮಕ್ಕಳು ಹುಬ್ಬೇರಿಸುತ್ತಾರೆ! ಪಕ್ಕಪಕ್ಕದ ಊರುಗಳ ನಡುವೆ ಆ ಗಡಿ 1956ರವರೆಗೂ ಇತ್ತು.

“ಹೌದಲ್ಲ, ನಾನು ಹುಟ್ಟಿದ್ದು ಮದ್ರಾಸಿಗೆ ಸೇರಿದ್ದಾಗ” ಎನ್ನುತ್ತ ಅತ್ತೆ ಸೀರೆ ತೆಗೆದಿಟ್ಟರು.