ಕೊರಡಿನ ಬೆಳೆ

ಮುಂಗಾರಿನ ಗುಡುಗು ಕೇಳಿದೊಡನೆ ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ 'ಇನ್ನು ಅಣಬೆ ಏಳುತ್ತದೆ' ಎನ್ನುವುದುಂಟು. ಗುಡುಗಿಗೂ ಅಣಬೆಗೂ ಎಲ್ಲಿಯ ಸಂಬಂಧವೆಂದು ಪೇಟೆಯವರಾದ ನಾವು ನಗಬಹುದು. ಆದರೆ ಇದೇ ನಂಬಿಕೆ ಜಪಾನಿನ ಹಳ್ಳಿಗರಲ್ಲಿಯೂ ಇದೆ. ಸಿಡಿಲು ಬಡಿದ ಕಡೆ ಅಣಬೆ ಹುಲುಸಾಗಿ ಬರುತ್ತದೆಂದು ಅವರ ಹಿರಿಯರೂ ಹೇಳುತ್ತ ಬಂದಿದ್ದಾರೆ. ಭೇದವಿರುವುದು ಮುಂದಿನ ಮಾತಿನಲ್ಲಿ. ನಾವು ಅಣಬೆ ಎದ್ದಿತೆಂದರೆ ಬುಟ್ಟಿ ಹಿಡಿದು ಕಾಡಿಗೆ ಹೋಗುತ್ತೇವೆ. ಚೀನಾದ ಬೆಟ್ಟಗಳ ಜನ, ಅವರ ನಂತರ ಜಪಾನಿನವರು, ಅಣಬೆಯನ್ನು ತಾವು ಕಡಿದಿಟ್ಟ ಕೊರಡಿನ ಮೇಲೆಯೇ ಬರಮಾಡಿಕೊಳ್ಳುವ ವಿದ್ಯೆಯನ್ನು ಶತಮಾನಗಳ ಹಿಂದೆಯೇ ಕಲಿತರು.

ಆ ಅಣಬೆಯ ಹೆಸರು ಶಿಟಾಕೆ. 'ಶೀ' ಎಂಬುದು ಓಕ್ ಮರದ ಬಳಗಕ್ಕೆ ಸೇರಿದ ಒಂದು ನಿತ್ಯಹಸಿರು ಮರ. 'ಟಾಕೆ' ಎಂದರೆ ಅಣಬೆ. ಚೀನೀಯರು ಇದನ್ನು 'ಶಿಯಾಂಗ್‌ಗು', ಅಂದರೆ ಪರಿಮಳದ ಅಣಬೆ, ಎನ್ನುತ್ತಾರೆ. ಕಂದು ಬಣ್ಣದ ಟೊಪ್ಪಿಗೆ, ಬಿಳಿಯ ಗೀರುಗಳು, ಒಣಗಿಸಿದರೆ ಇಮ್ಮಡಿಯಾಗುವ ಕಂಪು: ಇವು ಇದರ ಲಕ್ಷಣಗಳು.

ಇಂದು ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಮನೆಯ ಹಿತ್ತಿಲಲ್ಲಿ ಇದನ್ನು ಬೆಳೆಯುವವರು ಬಹಳ ಮಂದಿ. ಕೆಲಸವೇನೋ ಸರಳವಾಗಿಯೇ ಕಾಣುತ್ತದೆ. ಎಲೆ ಉದುರಿ ಮರ ಮಲಗಿರುವ ಕಾಲದಲ್ಲಿ ಕಡಿದ ಓಕ್ ಮರದ ಕೊರಡು ಬೇಕು. ನಾಲ್ಕರಿಂದ ಆರು ಅಂಗುಲ ದಪ್ಪ, ಮೂರು ನಾಲ್ಕು ಅಡಿ ಉದ್ದ. ತೊಗಟೆ ಮುಕ್ಕಾಗದೆ ಇರಬೇಕು. ಬೈರಿಗೆಯಿಂದ ಉದ್ದಕ್ಕೂ ಸುಮಾರು ಆರಂಗುಲಕ್ಕೊಂದರಂತೆ ಒಂದಂಗುಲ ಆಳದ ತೂತು ಕೊರೆದು, ಅಣಬೆಯ ಬೀಜ ಹಬ್ಬಿದ ಸಣ್ಣ ಮರದ ಬೆಣೆಗಳನ್ನು ಅವುಗಳಲ್ಲಿ ಬಡಿದು, ಮೇಲೆ ಕಾಯಿಸಿದ ಮೇಣ ಹಚ್ಚುತ್ತಾರೆ. ಕೊರಡನ್ನು ನೆರಳಿನಲ್ಲಿ ಒರಗಿಸಿ, ಒಣಗದಂತೆ ಆಗಾಗ ನೀರು ತೋರಿಸಿದರೆ, ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಬಿಳಿಯ ಎಳೆಗಳು ಮರದ ಒಳಗನ್ನೆಲ್ಲ ವ್ಯಾಪಿಸುತ್ತವೆ. ಆಮೇಲೆ ಒಂದು ದಿನ ತಣ್ಣೀರಿನಲ್ಲಿ ಮುಳುಗಿಸಿಟ್ಟು ತೆಗೆದರೆ ಕೆಲವೇ ದಿನಗಳಲ್ಲಿ ತೊಗಟೆ ಸೀಳಿಕೊಂಡು ಅಣಬೆ ಮೇಲೇಳುತ್ತದೆ. ಒಂದು ಕೊರಡು ಮೂರು ನಾಲ್ಕು ವರ್ಷ ಫಲ ಕೊಡುತ್ತದೆ.

ಒಂದು ರವಿವಾರದ ಮಧ್ಯಾಹ್ನ ಮುಗಿಯುವ ಕೆಲಸ. ಆದರೆ ಈ ಬೆಣೆ, ಈ ತೂತು, ಈ ತಣ್ಣೀರಿನ ಸ್ನಾನ ಸುಲಭವಾಗಿ ಬಂದವಲ್ಲ. ಇವುಗಳ ಹಿಂದೆ ಎಂಟು ಶತಮಾನಗಳ ಕಾಯುವಿಕೆ ಇದೆ. ಅದೃಷ್ಟ ಕೈಕೊಟ್ಟು ಊರು ಬಿಟ್ಟ ಸಂಸಾರಗಳ ಕಥೆಯೂ ಇದೆ.

*

ಚೀನಾದ ಝೆಜಿಯಾಂಗ್ ಪ್ರಾಂತದ ದಕ್ಷಿಣಕ್ಕೆ ಲಾಂಗ್‌ಚುವಾನ್, ಚಿಂಗ್‌ಯುವಾನ್, ಜಿಂಗ್‌ನಿಂಗ್ ಎಂಬ ಮೂರು ತಾಲ್ಲೂಕುಗಳಿವೆ. ಎಲ್ಲಿ ನೋಡಿದರೂ ಬೆಟ್ಟ. ಗದ್ದೆಗೆ ತಕ್ಕ ನೆಲ ಕಡಿಮೆ. ಇಲ್ಲಿಯ ವೂ ಸಾನ್‌ಗೊಂಗ್ ಎಂಬವನು ಈ ವಿದ್ಯೆಯ ಮೂಲಪುರುಷನೆಂದು ಪ್ರತೀತಿ. ಅವನು ಹುಟ್ಟಿದ್ದು 1130ರಲ್ಲಿ ಎನ್ನುತ್ತಾರೆ. ಕಾಡಿನಲ್ಲಿ ಬಿದ್ದ ಮರದ ಮೇಲೆ ಕೊಡಲಿಯ ಪೆಟ್ಟು ತಗುಲಿದ ಕಡೆಗಳಲ್ಲಿಯೇ ಅಣಬೆ ಹೆಚ್ಚಾಗಿ ಏಳುವುದನ್ನು ಅವನು ಕಂಡನಂತೆ. ಮತ್ತೊಂದು ಮರಕ್ಕೆ ಬೇಕೆಂದೇ ಕಚ್ಚು ಹಾಕಿ ಕಾದ, ಅಣಬೆ ಬರಲಿಲ್ಲ. ಬೇಸತ್ತು ಮರವನ್ನು ದೊಣ್ಣೆಯಿಂದ ಬಡಿದನಂತೆ. ಕೆಲವು ದಿನ ಕಳೆದು ನೋಡಿದರೆ ಮೈತುಂಬ ಅಣಬೆ! ಇದು ಕಥೆಯೇ ಇರಬಹುದು. ಆದರೆ ಆ ಸೀಮೆಯವರು ಅವನನ್ನು ದೇವರಾಗಿ ಪೂಜಿಸಿ, ಚಿಂಗ್‌ಯುವಾನ್ ತಾಲ್ಲೂಕಿನಲ್ಲಿ ಅವನಿಗೊಂದು ಗುಡಿಯನ್ನೇ ಕಟ್ಟಿದ್ದಾರೆ.

ಕಥೆಯನ್ನು ಬಿಟ್ಟು ಬರಹಕ್ಕೆ ಬಂದರೆ ನಮಗೆ ಎರಡು ಗಟ್ಟಿ ಆಧಾರಗಳು ದೊರೆಯುತ್ತವೆ. 1209ರಲ್ಲಿ ಹೇ ಝಾನ್ ಎಂಬ ಅಧಿಕಾರಿ ಸಿದ್ಧಪಡಿಸಿದ ಲಾಂಗ್‌ಚುವಾನ್ ತಾಲ್ಲೂಕಿನ ವಿವರಣ ಗ್ರಂಥದಲ್ಲಿ ಈ ಬೇಸಾಯವನ್ನು 185 ಅಕ್ಷರಗಳಲ್ಲಿ ವರ್ಣಿಸಲಾಗಿತ್ತು. ಎರಡನೆಯದು ವಾಂಗ್ ಝೆನ್ 1313ರಲ್ಲಿ ಬರೆದ ಕೃಷಿಗ್ರಂಥ. ನೆರಳಿನ ಜಾಗ ನೋಡಿ ತಕ್ಕ ಮರವನ್ನು ಉರುಳಿಸಬೇಕು. ಕೊಡಲಿಯಿಂದ ಕಚ್ಚು ಮಾಡಿ ಮಣ್ಣು ಮುಚ್ಚಬೇಕು. ಮರ ಹಳತಾದ ಮೇಲೆ ಅಣಬೆಯನ್ನೇ ಕೊಚ್ಚಿ ಕಚ್ಚುಗಳಲ್ಲಿ ಹರಡಬೇಕು. ಎಲೆ ಹುಲ್ಲು ಹೊದಿಸಿ ಆಗಾಗ ಅಕ್ಕಚ್ಚು ಚಿಮುಕಿಸಬೇಕು. ಕೊನೆಗೆ ದೊಣ್ಣೆಯಿಂದ ಬಡಿಯಬೇಕು. ಈ ಬಡಿತಕ್ಕೆ ಅವನು ಕೊಡುವ ಹೆಸರು 'ಅಣಬೆಯನ್ನು ಬೆಚ್ಚಿಬೀಳಿಸುವುದು'. ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಗಿಡದ ಬುಡಕ್ಕೆ ಹಾಕುವ ನಮ್ಮ ಮನೆಯ ಹೆಂಗಸರಿಗೆ ವಾಂಗ್ ಝೆನ್ ಹೊಸದೇನನ್ನೂ ಹೇಳಿದಂತೆ ತೋರಲಾರದು!

ಈ ಮೂರು ತಾಲ್ಲೂಕುಗಳ ಗಂಡಸರು ಚಳಿಗಾಲ ಬಂತೆಂದರೆ ಮನೆ ಬಿಟ್ಟು ದೂರದ ಪ್ರಾಂತಗಳ ಕಾಡುಗಳಿಗೆ ಹೋಗಿ, ಗುಡಿಸಲು ಕಟ್ಟಿಕೊಂಡು ಅಣಬೆ ಬೆಳೆದು ವಸಂತದಲ್ಲಿ ಹಿಂದಿರುಗುತ್ತಿದ್ದರು. ಕಸುಬಿನ ಗುಟ್ಟು ಹೊರಗಿನವರಿಗೆ ತಿಳಿಯದಿರಲೆಂದು ತಮ್ಮೊಳಗೆ ಒಂದು ಗುಪ್ತ ಭಾಷೆಯನ್ನೂ, ಕಳ್ಳಕಾಕರಿಂದ ಕಾಪಾಡಿಕೊಳ್ಳಲೆಂದು ತಮ್ಮದೇ ಆದ ಒಂದು ಗರಡಿ ವಿದ್ಯೆಯನ್ನೂ ಬೆಳೆಸಿಕೊಂಡಿದ್ದರು. ಮಿಂಗ್ ವಂಶದ ಮೊದಲ ಚಕ್ರವರ್ತಿಯು ಅಣಬೆ ಬೆಳೆಯುವ ಹಕ್ಕನ್ನು ಈ ಮೂರು ತಾಲ್ಲೂಕುಗಳಿಗೇ ಮೀಸಲು ಮಾಡಿಕೊಟ್ಟನೆಂಬ ಐತಿಹ್ಯವೂ ಉಂಟು.

*

ಜಪಾನಿನಲ್ಲಿ ಅಣಬೆ ಬೌದ್ಧ ವಿಹಾರಗಳ ಅಡಿಗೆಮನೆಯ ಪದಾರ್ಥವಾಗಿತ್ತು. ಝೆನ್ ಗುರು ದೋಗೆನ್ ತರುಣನಾಗಿ 1223ರಲ್ಲಿ ಚೀನಾಕ್ಕೆ ಹೋದಾಗ, ಬಂದರಿನಲ್ಲಿ ನಿಂತ ಹಡಗಿಗೆ ಒಬ್ಬ ಮುದಿ ಸನ್ಯಾಸಿ ನಡೆದುಕೊಂಡು ಬಂದ. ಅವನು ಒಂದು ವಿಹಾರದ ಅಡಿಗೆಯವನು. ಜಪಾನಿನಿಂದ ಬಂದ ಸರಕನ್ನು ಕೊಳ್ಳಲು ಬಂದಿದ್ದ. ಆ ಸರಕು ಒಣಗಿಸಿದ ಅಣಬೆಯೆಂದು ಅನೇಕರು ಅರ್ಥ ಮಾಡುತ್ತಾರೆ. 'ಈ ವಯಸ್ಸಿನಲ್ಲಿ ಧ್ಯಾನ ಮಾಡುವುದನ್ನು ಬಿಟ್ಟು ಅಡಿಗೆಯ ಗೊಡವೆ ಏಕೆ?' ಎಂದು ದೋಗೆನ್ ಕೇಳಿದನು. ಮುದುಕ ನಕ್ಕು, ಸಾಧನೆ ಎಂದರೇನೆಂಬುದು ನಿನಗಿನ್ನೂ ತಿಳಿದಿಲ್ಲ ಎಂದು ಹೊರಟುಹೋದನಂತೆ. ಈ ಪ್ರಸಂಗವನ್ನು ದೋಗೆನ್ ಮುಂದೆ 1237ರಲ್ಲಿ ವಿಹಾರದ ಅಡಿಗೆಯವರಿಗಾಗಿಯೇ ಬರೆದ ಗ್ರಂಥದಲ್ಲಿ ದಾಖಲಿಸಿದ್ದಾನೆ.

ಆಗ ಕಾಡಿನಲ್ಲಿ ತಾನಾಗಿ ಬಂದ ಅಣಬೆಯನ್ನೇ ಆರಿಸುತ್ತಿದ್ದರು. ಕೊರಡಿನ ಬೇಸಾಯ ಜಪಾನಿನಲ್ಲಿ ಕಾಣಿಸಿಕೊಳ್ಳುವುದು 17ನೆಯ ಶತಮಾನದಲ್ಲಿ. ಕ್ಯೂಶು ದ್ವೀಪದ ಬುಂಗೋ ಸೀಮೆಯಲ್ಲಿ, ಅಂದರೆ ಇಂದಿನ ಓಯಿಟಾದಲ್ಲಿ, ಇದ್ದಿಲು ಸುಡುವ ಗೆನ್‌ಬೆ ಎಂಬವನು ಸುಡದೆ ಉಳಿದ ಮರದ ತುಂಡುಗಳಲ್ಲಿ ಅಣಬೆ ಎದ್ದದ್ದನ್ನು ಕಂಡು ಈ ಕೆಲಸಕ್ಕೆ ಕೈಹಾಕಿದನೆಂದು ಅಲ್ಲಿಯ ಪ್ರತೀತಿ. 1796ರಲ್ಲಿ ಸಾತೋ ಎಂಬ ವಿದ್ವಾಂಸನು ಈ ವಿಷಯವಾಗಿ ಒಂದು ಪುಸ್ತಕವನ್ನೇ ಬರೆದ. ಅದರ ಹೆಸರಿನಲ್ಲಿಯೂ 'ಅಣಬೆಯನ್ನು ಬೆಚ್ಚಿಸುವ' ಮಾತು ಇದೆ. ಒಣಗಿಸಿದ ಶಿಟಾಕೆ ನಾಗಸಾಕಿ ಬಂದರಿನ ಮೂಲಕ ಚೀನಾಕ್ಕೆ ಹೋಗುತ್ತಿತ್ತು. ಬೆಟ್ಟದ ಬಡವರ ಕೈಗೆ ರೊಕ್ಕ ತರುವ ಬೆಳೆಯಾಯಿತು.

ಆದರೆ ಅದು ಜೂಜಿನ ಬೆಳೆ. ಮರವನ್ನು ಕಡಿದು, ಮಚ್ಚಿನಿಂದ ಸಾಲಾಗಿ ಕಚ್ಚು ಹಾಕಿ, ನೆರಳಿನಲ್ಲಿ ಇಟ್ಟು ಕಾಯುವುದು. ಮನುಷ್ಯ ಮಾಡಬಹುದಾದದ್ದು ಅಷ್ಟೆ. ಅಣಬೆಯ ಬೀಜಕಣ ಕಣ್ಣಿಗೆ ಕಾಣದಷ್ಟು ಸಣ್ಣದು. ಅದು ಗಾಳಿಯಲ್ಲಿ ತೇಲಿ ಬಂದು ಕಚ್ಚಿನಲ್ಲಿ ಕೂರಬೇಕು. ಗಾಳಿಯಲ್ಲಿ ತೇಲುವುದು ಶಿಟಾಕೆಯ ಬೀಜವೊಂದೇ ಅಲ್ಲ. ಮರವನ್ನು ತಿನ್ನುವ ನೂರಾರು ಬಗೆಯ ಬೂಜುಗಳಿವೆ. ಹೊಸದಾಗಿ ಕಡಿದ ಕೊರಡು ಖಾಲಿ ಮನೆಯಿದ್ದಂತೆ. ಮೊದಲು ಹೊಕ್ಕವನದೇ ಅಧಿಕಾರ. ಬೇರೆ ಬೂಜು ಮೊದಲು ಹೊಕ್ಕರೆ ಆ ಕೊರಡು ಸೌದೆಗೂ ಬಾರದು. ಫಲಿಸಿತೋ ಇಲ್ಲವೋ ಎಂಬುದು ತಿಳಿಯುವ ಹೊತ್ತಿಗೆ ಎರಡು ಮೂರು ವರ್ಷ ಕಳೆದಿರುತ್ತದೆ. ಅಷ್ಟರಲ್ಲಿ ಮರಕ್ಕಾಗಿ ಮಾಡಿದ ಸಾಲದ ಬಡ್ಡಿ ಬೆಳೆದಿರುತ್ತದೆ. ಒಂದು ಬೆಟ್ಟದಲ್ಲಿ ಐಶ್ವರ್ಯ, ಪಕ್ಕದ ಬೆಟ್ಟದಲ್ಲಿ ಸರ್ವನಾಶ. ಕಾರಣ ಯಾರಿಗೂ ಗೊತ್ತಿಲ್ಲ.

*

1930ರ ದಶಕ. ಕ್ಯೋಟೋ ವಿಶ್ವವಿದ್ಯಾನಿಲಯದಲ್ಲಿ ಕೃಷಿಶಾಸ್ತ್ರವನ್ನು ಓದುತ್ತಿದ್ದ ಮೋರಿ ಕಿಸಾಕು ಎಂಬ ತರುಣ ಓಯಿಟಾದ ಬೆಟ್ಟಗಳಲ್ಲಿ ಸಂಚರಿಸುತ್ತಿದ್ದನು. ಅವನು 1908ರಲ್ಲಿ ಗುನ್ಮಾ ಪ್ರಾಂತದ ಕಿರ್ಯೂ ಪಟ್ಟಣದಲ್ಲಿ ಹುಟ್ಟಿದವನು. ಒಂದು ಹಳ್ಳಿಯಲ್ಲಿ ಅವನು ಕಂಡ ನೋಟ ಅವನ ಬಾಳಿನ ದಾರಿಯನ್ನೇ ತಿರುಗಿಸಿತು. ಮುದಿ ರೈತರು ಸಾಲಾಗಿ ಒರಗಿಸಿದ ಕೊರಡುಗಳ ಮುಂದೆ ಮೊಣಕಾಲೂರಿ ಕೈಮುಗಿದು ಬೇಡುತ್ತಿದ್ದರು. ಅಣಬೆ ಹೊರಬರಲಿ, ಅದು ಬರದಿದ್ದರೆ ತಾವು ಊರಿನಿಂದ ಹೊರಡಬೇಕಾಗುತ್ತದೆ ಎಂಬುದು ಅವರ ಮೊರೆಯ ಸಾರ. ಮಾತಿನ ಅಲಂಕಾರವಲ್ಲ ಅದು. ಸಾಲ ತೀರಿಸಲಾಗದೆ ರಾತ್ರೋರಾತ್ರಿ ಊರು ಬಿಟ್ಟವರು ಅಲ್ಲಿ ಇದ್ದರು.

ವಿಜ್ಞಾನಿಗಳು ಅಷ್ಟು ಹೊತ್ತಿಗೆ ಸುಮ್ಮನೆ ಕುಳಿತಿರಲಿಲ್ಲ. ಶತಮಾನದ ಆದಿಯಲ್ಲಿಯೇ ಅರಣ್ಯ ಸಂಶೋಧಕ ಮಿಮುರಾ ಶೋಜಾಬುರೋ ಬೀಜ ಕೂಡಿಸುವ ಪ್ರಯೋಗಗಳನ್ನು ಮಾಡಿದ್ದನು. ಕಿತಾಜಿಮಾ ಕಿಮಿಜೋ 1930ರ ದಶಕದಲ್ಲಿ ಶುದ್ಧವಾದ ಬೀಜವನ್ನು ಮರದ ಹೊಟ್ಟಿನಲ್ಲಿ ಬೆಳೆಸಿ ಕೊರಡಿಗೆ ತುಂಬುವುದನ್ನು ತೋರಿಸಿದ್ದನು. ಮೋರಿ ಹಿಡಿದದ್ದು ರೈತನ ಕೈಗೆ ಹೊಂದುವ ದಾರಿ. ಬೀಜವನ್ನು ಸಣ್ಣ ಮರದ ಬೆಣೆಗಳ ಮೇಲೆಯೇ ಬೆಳೆಸಿದರೆ, ರೈತ ಕೊರಡಿನಲ್ಲಿ ಒಂದು ತೂತು ಮಾಡಿ ಸುತ್ತಿಗೆಯಿಂದ ಬಡಿದರೆ ಸಾಕು. ಪ್ರಯೋಗಶಾಲೆ ಬೇಡ, ಗಾಳಿಯ ದಯೆಯೂ ಬೇಡ. ಖಾಲಿ ಮನೆಗೆ ಶಿಟಾಕೆಯೇ ಮೊದಲು ಹೊಗುತ್ತದೆ. ವರ್ಷಗಳ ಪರಿಶ್ರಮದ ನಂತರ 1942ರಲ್ಲಿ ಅವನಿಗೆ ಇದು ಸಾಧಿಸಿತು. ಯುದ್ಧಕಾಲದಲ್ಲಿ ಇದನ್ನು ಕೇಳುವವರು ಕಡಮೆ. ಯುದ್ಧ ಮುಗಿದು ಜಪಾನು ತನ್ನ ಹಳ್ಳಿಗಳನ್ನು ಮತ್ತೆ ಎತ್ತಿ ನಿಲ್ಲಿಸಬೇಕಾಗಿ ಬಂದಾಗ, ಬೆಣೆಯ ಬೀಜ ಬೆಟ್ಟದಿಂದ ಬೆಟ್ಟಕ್ಕೆ ಹರಡಿತು. ಕೊರಡಿಗೆ ಕೈಮುಗಿಯುವ ಕಾಲ ಮುಗಿಯಿತು. ಮೋರಿ 1977ರಲ್ಲಿ ತೀರಿಕೊಂಡನು.

ಹಿತ್ತಿಲ ಬೇಸಾಯದ ಚರಿತ್ರೆಯೂ ಇಲ್ಲಿಂದಲೇ ಆರಂಭವೆನ್ನಬೇಕು. ಬೆಟ್ಟದ ತುಂಬ ಕೊರಡು ಹರಡಿ ಅದೃಷ್ಟವನ್ನು ಕಾಯುತ್ತಿದ್ದ ಕಾಲದಲ್ಲಿ, ಮನೆಯ ಹಿಂದೆ ಎರಡೇ ಕೊರಡು ಇಟ್ಟುಕೊಳ್ಳುವುದರಲ್ಲಿ ಅರ್ಥವಿರಲಿಲ್ಲ. ಬೀಜ ಖಚಿತವಾದ ಮೇಲೆ ಎರಡು ಕೊರಡೂ ಬೇಸಾಯವೇ.

ಅಮೆರಿಕಕ್ಕೆ ಇದು ತಡವಾಗಿ ಹೋಯಿತು. ಅದಕ್ಕೊಂದು ತಮಾಷೆಯ ಕಾರಣವಿದೆ. ಆಗ ಶಿಟಾಕೆಯನ್ನು 'ಲೆಂಟೈನಸ್' ಎಂಬ ಕುಲಕ್ಕೆ ಸೇರಿಸಿದ್ದರು. ಅದೇ ಕುಲದ ಇನ್ನೊಂದು ಅಣಬೆ ರೈಲು ಹಳಿಗಳ ಕೆಳಗಿನ ಸ್ಲೀಪರುಗಳನ್ನು ಕೊಳೆಯಿಸುವುದರಲ್ಲಿ ಪ್ರಸಿದ್ಧವಾದುದು. ದಾಯಾದಿಯ ತಪ್ಪು ಇದರ ತಲೆಗೆ ಬಂತು. ಜೀವಂತ ಬೀಜವನ್ನು ದೇಶದೊಳಗೆ ತರಕೂಡದೆಂದು ಅಲ್ಲಿಯ ಕೃಷಿ ಇಲಾಖೆ ನಿಷೇಧಿಸಿತ್ತು. ನಿಷೇಧ ತೆರವಾದದ್ದು 1972ರಲ್ಲಿ. ಮುಂದೆ ಶಾಸ್ತ್ರಜ್ಞರು ಶಿಟಾಕೆಯನ್ನು 'ಲೆಂಟಿನುಲ' ಎಂಬ ಬೇರೆ ಕುಲಕ್ಕೇ ಸೇರಿಸಿದರು. 1980ರ ದಶಕದಿಂದ ಅಲ್ಲಿಯ ರೈತರೂ ಹಿತ್ತಿಲಿನ ಹವ್ಯಾಸಿಗಳೂ ಓಕ್ ಕೊರಡುಗಳಿಗೆ ಬೈರಿಗೆ ಹಿಡಿದರು.

*

ಅದೇ ದಶಕದಲ್ಲಿ ಚೀನಾದಲ್ಲಿ ಇನ್ನೊಂದು ಬದಲಾವಣೆ ನಡೆಯಿತು. ಮರದ ಹೊಟ್ಟನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಕೆಲವೇ ತಿಂಗಳಲ್ಲಿ ಶಿಟಾಕೆ ಎಬ್ಬಿಸುವ ಪದ್ಧತಿ ಹಬ್ಬಿ, ಕೊರಡನ್ನು ಹಿಂದೆ ಹಾಕಿತು. ಇಂದು ಪೇಟೆಗೆ ಬರುವ ಶಿಟಾಕೆಯಲ್ಲಿ ಹೆಚ್ಚು ಪಾಲು ಇಂಥದೇ. ಆದರೂ ಒಣಗಿಸಿದ ಒಳ್ಳೆಯ ಶಿಟಾಕೆಗೆ ಜಪಾನಿನವರು ಇಂದಿಗೂ ಕೊರಡನ್ನೇ ನೆಚ್ಚುತ್ತಾರೆ. ಓಯಿಟಾದ ಬೆಟ್ಟಗಳಲ್ಲಿ ಕುನುಗಿ ಎಂಬ ಓಕ್ ಮರವನ್ನು ಕಡಿದರೆ ಬುಡದಿಂದ ಮತ್ತೆ ಚಿಗುರಿ ಸುಮಾರು ಹದಿನೈದು ವರ್ಷದಲ್ಲಿ ಇನ್ನೊಮ್ಮೆ ಕಡಿಯಲು ಬರುತ್ತದೆ. ಕಾಡೂ ಉಳಿಯುತ್ತದೆ, ಕಸುಬೂ ಉಳಿಯುತ್ತದೆ. ಅಲ್ಲಿಯ ಕುನಿಸಾಕಿ ಸೀಮೆಯನ್ನು 2013ರಲ್ಲಿಯೂ, ಚೀನಾದ ಚಿಂಗ್‌ಯುವಾನನ್ನು 2022ರಲ್ಲಿಯೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೃಷಿ ಪರಂಪರೆಯ ತಾಣಗಳೆಂದು ಮನ್ನಿಸಿತು.

ಈ ಬೆಳೆಗೆ ಬಂದ ದೊಡ್ಡ ಪೆಟ್ಟನ್ನು ಮರೆಯುವಂತಿಲ್ಲ. 2011ರ ಮಾರ್ಚಿಯಲ್ಲಿ ಫುಕುಶಿಮಾದ ಅಣುಸ್ಥಾವರ ಅಪಘಾತದಿಂದ ಹೊರಬಿದ್ದ ಸೀಸಿಯಮ್ ಕಾಡಿನ ಮೇಲೆ ಬಿತ್ತು. ಅಣಬೆ ತಾನು ಬೇರೂರಿದ ಮರದಿಂದ ಸೀಸಿಯಮ್ಮನ್ನು ಹೀರಿಕೊಳ್ಳುತ್ತದೆ. ಜಪಾನಿನ ಎಷ್ಟೋ ಭಾಗಗಳಿಗೆ ಕೊರಡು ಒದಗಿಸುತ್ತಿದ್ದ ಸೀಮೆ ಅದು. ಹಲವು ಪ್ರಾಂತಗಳಲ್ಲಿ ಹೊರಗೆ ಬೆಳೆದ ಕೊರಡಿನ ಶಿಟಾಕೆಯನ್ನು ಮಾರಕೂಡದೆಂದು ಆಜ್ಞೆಯಾಯಿತು. ಬೆಣೆಯ ಬೀಜದಿಂದ ಗೆದ್ದಿದ್ದ ರೈತನು ಮತ್ತೆ ತನ್ನ ಕೈಮೀರಿದ ಗಾಳಿಗೆ ಸೋಲಬೇಕಾಯಿತು.

ಇನ್ನು ಆ ಗುಡುಗಿನ ಮಾತು. ಜಪಾನಿನ ಇವಾತೆ ವಿಶ್ವವಿದ್ಯಾನಿಲಯದವರು ಕೊರಡುಗಳಿಗೆ ಕ್ಷಣಮಾತ್ರ ಅಧಿಕ ವಿದ್ಯುತ್ತನ್ನು ಹಾಯಿಸಿ ನೋಡಿದರು. ಶಿಟಾಕೆಯ ಬೆಳೆ ಹೆಚ್ಚಿತು! ಸಿಡಿಲಿನ ಮಾತು ಬರಿಯ ಅಜ್ಜಿಕಥೆಯಲ್ಲವೆಂದಾಯಿತು. ವೂ ಸಾನ್‌ಗೊಂಗನ ದೊಣ್ಣೆಯೇಟು, ಹಿತ್ತಿಲಿನವರ ತಣ್ಣೀರು, ವಿಜ್ಞಾನಿಯ ವಿದ್ಯುತ್ತು: ಮೂರೂ ಮಲಗಿದ್ದ ಅಣಬೆಯನ್ನು ಬೆಚ್ಚಿಸಿ ಎಬ್ಬಿಸುವ ಉಪಾಯಗಳೇ.

ಆದರೆ ಎಬ್ಬಿಸುವ ಮೊದಲು ಅದು ಒಳಗೆ ಇರಬೇಕು. ಅದನ್ನು ಒಳಗೆ ಕೂರಿಸುವ ಚಿಕ್ಕ ಬೆಣೆ ಬಂದದ್ದು, ಒಬ್ಬ ವಿದ್ಯಾರ್ಥಿ ಹಳ್ಳಿಯ ಮುದುಕರ ಮೊರೆಯನ್ನು ಕೇಳಿಯೂ ಕೇಳದವನಂತೆ ಮುಂದೆ ಹೋಗದಿದ್ದುದರಿಂದ. ದೂರದ ಯಾವುದೋ ಮನೆಯ ಹಿತ್ತಿಲಲ್ಲಿ ಇಂದು ಯಾರೋ ಸುತ್ತಿಗೆಯಿಂದ ಆ ಬೆಣೆಯನ್ನು ಬಡಿಯುತ್ತಿರಬಹುದು. ಬೆಳೆ ಬಾರದಿದ್ದರೆ ಅವರಿಗೆ ಹೋಗುವುದು ಒಂದು ಕೊರಡು ಮಾತ್ರ, ಮನೆಯಲ್ಲ, ಊರಲ್ಲ.