ಎರಡು ನಾಲಗೆಯ ಹಾಡು

ನಮ್ಮಲ್ಲಿ ಒಬ್ಬನನ್ನು ‘ಎರಡು ನಾಲಗೆಯವನು’ ಎಂದರೆ ಅದು ಹೊಗಳಿಕೆಯಲ್ಲ. ಆದರೆ ಎರಡು ನಾಲಗೆಯಿಲ್ಲದೆ ಬದುಕುವಂತಿಲ್ಲ ಎಂಬ ಸ್ಥಿತಿಗೆ ಬಂದ ಜನರೂ ಈ ಲೋಕದಲ್ಲಿದ್ದಾರೆ. ತರಗತಿಯಲ್ಲಿ ಭಾಷಾಂತರದ ವಿಚಾರ ಬಂದಾಗ ಕಾಳಿದಾಸನಿಂದಲೋ ಷೇಕ್ಸ್‌ಪಿಯರನಿಂದಲೋ ನಿದರ್ಶನ ಕೊಡುವುದು ನನ್ನಂಥ ಅಧ್ಯಾಪಕರ ವಾಡಿಕೆ. ಈಚಿನ ವರ್ಷಗಳಲ್ಲಿ ನಾನು ಆ ಮಹನೀಯರ ಪಕ್ಕದಲ್ಲಿ ಪೋರ್ಟೊರಿಕೊ ದ್ವೀಪದ ಐವರು ಹುಡುಗರನ್ನೂ ನಿಲ್ಲಿಸುತ್ತಿದ್ದೇನೆ. ವಿದ್ಯಾರ್ಥಿಗಳು ನಗುತ್ತಾರೆ. ನಗಲಿ, ಹುಡುಗರ ಹಾಡು ನಗುವಂಥದಾದರೂ ಅದರ ಹಿಂದಿನ ಚರಿತ್ರೆ ಹಾಗಿಲ್ಲ.

ಪೋರ್ಟೊರಿಕೊ ಕೆರಿಬಿಯನ್ ಸಮುದ್ರದಲ್ಲಿರುವ ದ್ವೀಪ. ವಿಸ್ತೀರ್ಣ ಸುಮಾರು 9,000 ಚದರ ಕಿಲೋಮೀಟರು. ಸುಮಾರು ನಾಲ್ಕು ಶತಮಾನಗಳ ಕಾಲ ಸ್ಪೇನಿನ ಅಧೀನದಲ್ಲಿದ್ದ ಈ ನಾಡು 1898ರ ಯುದ್ಧದ ತರುವಾಯ ಅಮೆರಿಕದ ಸಂಯುಕ್ತ ಸಂಸ್ಥಾನದ ಕೈಸೇರಿತು. ಗೆದ್ದವರು ನೆಲದೊಡನೆ ನಾಲಗೆಯನ್ನೂ ಗೆಲ್ಲಬಯಸುವುದು ಚರಿತ್ರೆಯ ಹಳೆಯ ರೂಢಿ. 1902ರಲ್ಲಿ ಇಂಗ್ಲಿಷನ್ನು ಸ್ಪ್ಯಾನಿಷಿನ ಜೊತೆಗೆ ಆಡಳಿತಭಾಷೆಯನ್ನಾಗಿ ಮಾಡಿದರು. ನಾಡಿನ ಹೆಸರನ್ನು ಸಹ ‘ಪೋರ್ಟೊ’ ಎಂದು ತಮ್ಮ ಬಾಯಿಗೆ ಒಗ್ಗುವಂತೆ ಬರೆದುಕೊಂಡರು. ಅದು ಮತ್ತೆ ‘ಪುಎರ್ತೊ’ ಎಂಬ ಸ್ವಂತ ಕಾಗುಣಿತಕ್ಕೆ ಬಂದದ್ದು 1932ರಲ್ಲಿ. ಶಾಲೆಗಳಲ್ಲಿ ಬೋಧನೆಯ ಭಾಷೆ ಯಾವುದಾಗಬೇಕೆಂಬ ಜಗ್ಗಾಟ ಅರ್ಧ ಶತಮಾನ ನಡೆಯಿತು. ಒಬ್ಬ ಅಧಿಕಾರಿ ಬಂದು ಇಂಗ್ಲಿಷ್ ಎಂದ, ಇನ್ನೊಬ್ಬ ಬಂದು ಅರ್ಧರ್ಧ ಎಂದ. ಕನ್ನಡದಲ್ಲಿ ಕಣ್ಣು ಬಿಟ್ಟ ಮಗುವಿಗೆ ಒಂದನೆಯ ತರಗತಿಯಲ್ಲಿಯೇ ಗಣಿತವನ್ನು ಪರಭಾಷೆಯಲ್ಲಿ ಹೇಳಿದರೆ ಏನಾಗುವುದೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಕಡೆಗೆ 1949ರಲ್ಲಿ ಮರಿಯಾನೊ ವಿಯರೋಂಗ ಎಂಬ ಶಿಕ್ಷಣಾಧಿಕಾರಿ ಸ್ಪ್ಯಾನಿಷನ್ನೇ ಬೋಧನಭಾಷೆಯೆಂದು ಸ್ಥಿರಪಡಿಸಿದರು. ಇಂಗ್ಲಿಷು ಒಂದು ಪಾಠವಾಗಿ ಉಳಿಯಿತು.

ನಮ್ಮ ಕಥೆಯ ಹುಡುಗರು ಈ ತೀರ್ಮಾನದ ನಂತರ ಹುಟ್ಟಿದವರು. 1977ರಲ್ಲಿ ಎಡ್ಗಾರ್ಡೊ ದಿಯಾಸ್ ಎಂಬ ನಿರ್ಮಾಪಕರು ಎರಡು ಮನೆಗಳ ಐವರು ಮಕ್ಕಳನ್ನು, ಎಂದರೆ ಮೆಲೆಂದೆಸ್ ಮನೆಯ ಮೂವರನ್ನೂ ಸಲ್ಯಬೆರಿ ಮನೆಯ ಇಬ್ಬರನ್ನೂ ಕೂಡಿಸಿ ‘ಮೆನೂದೊ’ ಎಂಬ ಗಾಯಕರ ತಂಡವನ್ನು ಕಟ್ಟಿದರು. ಆ ಮಾತಿಗೆ ಸಣ್ಣದು ಎಂದರ್ಥ. ಆ ದ್ವೀಪದ ಆಡುಮಾತಿನಲ್ಲಿ ಚಿಲ್ಲರೆ ಹಣ ಎಂದೂ ಅರ್ಥವುಂಟು. ತಂಡದ ಕಟ್ಟಳೆ ವಿಚಿತ್ರವಾದದ್ದು. ಹುಡುಗನಿಗೆ ಹದಿನಾರು ತುಂಬಿತೋ, ಅಥವಾ ಅದಕ್ಕೂ ಮೊದಲೇ ದನಿ ಒಡೆಯಿತೋ, ಅವನು ಹೊರಗೆ. ಅವನ ಜಾಗಕ್ಕೆ ಮತ್ತೊಬ್ಬ ಚಿಕ್ಕವನು ಒಳಗೆ. ಒಟ್ಟಿನಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಹೀಗೆ ಬಂದುಹೋದರು. ಚಿಲ್ಲರೆ ಕೈಯಿಂದ ಕೈಗೆ ದಾಟುವಂತೆ ಹುಡುಗರು ದಾಟಿಹೋದರು. ಥೈಲಿ ಮಾತ್ರ ಒಂದೇ ಆಗಿತ್ತು.

1981ರ ವೇಳೆಗೆ ಸ್ಪ್ಯಾನಿಷ್ ಆಡುವ ಅಮೆರಿಕ ಖಂಡದ ನಾಡುಗಳಲ್ಲೆಲ್ಲ ಮೆನೂದೊವಿನ ಹೆಸರು ಹಬ್ಬಿತು. ಎದುರಿಗೆ ಇನ್ನೆರಡು ದೊಡ್ಡ ಪೇಟೆಗಳಿದ್ದುವು: ಪೋರ್ಚುಗೀಸ್ ಆಡುವ ಬ್ರೆಜಿಲ್ ಮತ್ತು ಇಂಗ್ಲಿಷಿನ ಸಂಯುಕ್ತ ಸಂಸ್ಥಾನ. ಆರ್‌ಸಿಎ ಸಂಸ್ಥೆಯ ಮೂಲಕ 1984ರ ಒಂದೇ ವರ್ಷದಲ್ಲಿ ಸ್ಪ್ಯಾನಿಷಿನಲ್ಲಿ ‘ಎವೊಲುಸಿಯೋನ್’, ಪೋರ್ಚುಗೀಸಿನಲ್ಲಿ ‘ಮಾನಿಯಾ’, ಇಂಗ್ಲಿಷಿನಲ್ಲಿ ‘ರೀಚಿಂಗ್ ಔಟ್’ ಎಂಬ ಗಾನಮುದ್ರಿಕೆಗಳು ಹೊರಬಂದುವು. ಇಂಗ್ಲಿಷ್ ಮುದ್ರಿಕೆಯಲ್ಲಿದ್ದವು ಬಹುಪಾಲು ಹಿಂದಿನ ಸ್ಪ್ಯಾನಿಷ್ ಹಾಡುಗಳ ರೂಪಾಂತರಗಳೇ. ಈಗಾಗಲೇ ಒಲಿದ ರಾಗ, ಅದಕ್ಕೆ ಹೊಸ ಮಾತಿನ ಅಂಗಿ.

ಇಂಥ ಮುದ್ರಿಕೆಗಳ ಕೆಲಸ ನಡೆಯುವ ಬಗೆ ಇದು: ವಾದ್ಯಗಳ ಪಟ್ಟಿಯನ್ನೂ ಕಂಠದ ಪಟ್ಟಿಯನ್ನೂ ಬೇರೆಬೇರೆಯಾಗಿ ಮುದ್ರಿಸಿರುತ್ತಾರೆ. ಕಂಠದ ಪಟ್ಟಿಯನ್ನು ಅಳಿಸಿ ಅದೇ ವಾದ್ಯದ ಮೇಲೆ ಬೇರೆ ಭಾಷೆಯ ಮಾತನ್ನು ಹಾಡಿಸಿದರೆ ಖರ್ಚು ಕಡಿಮೆ, ಸರಕು ಎರಡು. ಆದರೆ ಅಂಗಿ ಹೊಲಿಯುವವನ ಕಷ್ಟ ಅವನಿಗೇ ಗೊತ್ತು. ಸ್ಪ್ಯಾನಿಷಿನಲ್ಲಿ ಅಕ್ಷರಗಳೆಲ್ಲ ಸುಮಾರಾಗಿ ಸಮಕಾಲ ನಡೆಯುತ್ತವೆ. ನಮ್ಮ ಮಾತುಗಳಂತೆ ಅಲ್ಲಿಯೂ ಬಹಳಷ್ಟು ಪದಗಳು ಸ್ವರದಲ್ಲಿ ಮುಗಿಯುತ್ತವೆ. ಇಂಗ್ಲಿಷಿನದು ಒತ್ತಿನ ನಡೆ. ಒಂದು ಅಕ್ಷರ ಗುದ್ದುತ್ತದೆ, ಮಿಕ್ಕವು ಸರಿದು ದಾರಿ ಬಿಡುತ್ತವೆ. ಹೃದಯವೆಂಬುದಕ್ಕೆ ಸ್ಪ್ಯಾನಿಷಿನಲ್ಲಿ ‘ಕೊರಸೋನ್’, ಮೂರು ಅಕ್ಷರ. ಇಂಗ್ಲಿಷಿನಲ್ಲಿ ‘ಹಾರ್ಟ್’, ಒಂದೇ. ‘ಅಮೋರ್’ ಎರಡಾದರೆ ‘ಲವ್’ ಒಂದು. ಮೂರು ಸ್ವರ ಕುಳಿತಿದ್ದ ಜಾಗದಲ್ಲಿ ಒಂದೇ ಅಕ್ಷರವನ್ನು ಕೂರಿಸಿದರೆ ಉಳಿದ ಎರಡು ಪೀಠ ಖಾಲಿ. ಆ ಖಾಲಿ ತುಂಬಲು ಬೇಡದ ಮಾತು ಬರಬೇಕು. ಬೇಡದ ಮಾತು ಬಂದರೆ ಭಾವ ಬೇರೆಯಾಗುತ್ತದೆ. ಪೋರ್ಚುಗೀಸಿಗೆ ಹೋಗುವುದು ಕನ್ನಡದಿಂದ ತೆಲುಗಿಗೆ ಹೋದಂತೆ: ನೆರೆಮನೆ, ಸಂಬಂಧಿಕರ ಮನೆ. ಇಂಗ್ಲಿಷಿಗೆ ಹೋಗುವುದು ಹಡಗು ಹತ್ತಿದಂತೆ.

ಫಲವೂ ಇದಕ್ಕೆ ಒಪ್ಪುವಂತೆಯೇ ಬಂತು. ಬ್ರೆಜಿಲಿನಲ್ಲಿ ‘ನೌಂ ಸಿ ರೆಪ್ರೀಮ’ ಎಂಬ ಹಾಡು ಮನೆಮಾತಾಯಿತು. 1985ರ ಪ್ರವಾಸದಲ್ಲಿ ಕಾಲ್ಚೆಂಡಿನ ಕ್ರೀಡಾಂಗಣಗಳೇ ಸಾಲದಾದುವು. ಸಂಯುಕ್ತ ಸಂಸ್ಥಾನದಲ್ಲಿ ಅದೇ ವರ್ಷ ‘ಹೋಲ್ಡ್ ಮಿ’ ಎಂಬ ಇಂಗ್ಲಿಷ್ ಹಾಡು ಬಿಲ್‌ಬೋರ್ಡ್ ಪತ್ರಿಕೆಯ ನೂರರ ಪಟ್ಟಿಯಲ್ಲಿ 62ನೆಯ ಸ್ಥಾನವನ್ನು ಮುಟ್ಟಿ ನಿಂತಿತು. ಅದರ ಮುಖ್ಯ ಕಂಠ ರಾಬಿ ರೋಸ ಎಂಬ ಹುಡುಗನದು. ಅವನು ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ, ದ್ವೀಪದಿಂದ ವಲಸೆ ಹೋದವರ ಮನೆಯಲ್ಲಿ ಹುಟ್ಟಿದವನು. ಇಂಗ್ಲಿಷು ಅವನಿಗೆ ಬೀದಿಯ ಭಾಷೆ, ಪಾಠದ ಭಾಷೆಯಲ್ಲ. ಐವರಲ್ಲಿ ಅವನ ದನಿಯನ್ನೇ ಮುಂದೆ ನಿಲ್ಲಿಸಿದ್ದು ಆಶ್ಚರ್ಯವಲ್ಲ.

ಒಂದು ಭಾಷೆಯ ಗಾಯಕ ಮತ್ತೊಂದರಲ್ಲಿ ಹಾಡುವುದು ಇವರಿಂದಲೇ ಮೊದಲಾದುದಲ್ಲ. ಅಮೆರಿಕದ ನ್ಯಾಟ್ ಕಿಂಗ್ ಕೋಲ್ 1958ರಲ್ಲಿ ಸ್ಪ್ಯಾನಿಷ್ ಹಾಡುಗಳ ಮುದ್ರಿಕೆಯನ್ನು ತಂದರು. ಬೀಟಲ್ಸ್ ತಂಡದವರು 1964ರ ಜನವರಿಯಲ್ಲಿ ತಮ್ಮ ಎರಡು ಹಾಡುಗಳನ್ನು ಜರ್ಮನ್ ಭಾಷೆಯಲ್ಲಿ ಹಾಡಿದರು. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಬೀಟಲ್ಸರು ಜರ್ಮನ್ ಹಾಡಿದ್ದು ಅತಿಥಿಯ ಉಪಚಾರ. ಅದಿಲ್ಲದೆಯೂ ಅವರಿಗೆ ಏನೂ ಕಡಿಮೆಯಾಗುತ್ತಿರಲಿಲ್ಲ. ಸಣ್ಣ ದ್ವೀಪದ ಹುಡುಗರಿಗೆ ಇಂಗ್ಲಿಷು ಉಪಚಾರವಲ್ಲ, ಸುಂಕ. ತಮ್ಮದೇ ಪಾಸ್‌ಪೋರ್ಟು ನೀಡಿದ ದೇಶದೊಳಗೆ ಪ್ರವೇಶಿಸಲು ಕಟ್ಟಬೇಕಾಗಿದ್ದ ಸುಂಕ! ಏಕೆಂದರೆ 1917ರಿಂದಲೂ ಪೋರ್ಟೊರಿಕೊದವರು ಅಮೆರಿಕದ ಪ್ರಜೆಗಳೇ. ಹೊರಗಿನ ಹಾಡನ್ನು ಒಳಕ್ಕೆ ತಂದು ತಮ್ಮ ಭಾಷೆಯನ್ನು ಬೆಳೆಸಿಕೊಂಡ ಶ್ರೀಯವರ ಕೆಲಸವನ್ನು ನಾವು ಬಲ್ಲೆವು. ಒಳಗಿನ ಹಾಡನ್ನು ಹೊರಕ್ಕೆ ಹೊತ್ತು, ಬಾಗಿಲಲ್ಲಿ ಅದರ ಮಾತನ್ನೇ ಕಳಚಿಡುವುದು ಬೇರೆಯ ಕೆಲಸ.

ಈ ಸುಂಕದ ಭಾರವನ್ನು ಹೊತ್ತವರು ಮಕ್ಕಳು ಎಂಬುದನ್ನೂ ಮರೆಯಲಾಗದು. ಮೂರು ಭಾಷೆಯ ಉಚ್ಚಾರಣೆ, ಕುಣಿತ, ಪ್ರವಾಸ, ಮತ್ತೆ ಧ್ವನಿಮುದ್ರಣ ಎಂದರೆ ಹನ್ನೆರಡರ ವಯಸ್ಸಿಗೆ ಅದು ಆಟವಲ್ಲ, ದುಡಿಮೆ. ತಂಡದಲ್ಲಿದ್ದವರಲ್ಲಿ ಹಲವರು ದೊಡ್ಡವರಾದ ಮೇಲೆ ಅಂದಿನ ಶೋಷಣೆಯ ಬಗ್ಗೆ ಆರೋಪಗಳನ್ನು ಮಾಡಿದ್ದಾರೆ. ವ್ಯವಸ್ಥಾಪಕರು ಅವನ್ನು ನಿರಾಕರಿಸಿದ್ದಾರೆ. 2022ರಲ್ಲಿ ಬಂದ ಸಾಕ್ಷ್ಯಚಿತ್ರವೊಂದು ಈ ಮಾತುಗಳನ್ನು ಮತ್ತೆ ಲೋಕದ ಮುಂದಿಟ್ಟಿತು. ನ್ಯಾಯ ತೀರ್ಮಾನ ನನ್ನ ಕೆಲಸವಲ್ಲ. ಆದರೆ ದನಿ ಒಡೆದೊಡನೆ ಹುಡುಗನನ್ನು ಬದಲಾಯಿಸುವ ಕಟ್ಟಳೆಯಲ್ಲಿ ಬೆಲೆಯಿದ್ದುದು ಕಂಠಕ್ಕೆ, ಕಂಠವಿದ್ದ ಮಗುವಿಗಲ್ಲ, ಎಂಬುದನ್ನು ತಿಳಿಯಲು ನ್ಯಾಯಾಲಯ ಬೇಕಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1984ರಲ್ಲಿ ತಂಡ ಸೇರಿದ ಹನ್ನೆರಡರ ಬಾಲಕನೊಬ್ಬನ ಹೆಸರು ರಿಕಿ ಮಾರ್ಟಿನ್. 1999ರಲ್ಲಿ ಆತ ಹಾಡಿದ ‘ಲಿವಿನ್ ಲ ವೀದ ಲೋಕ’ ಅಮೆರಿಕದ ಪಟ್ಟಿಯ ಮೊದಲ ಸ್ಥಾನವೇರಿತು. ಆ ಹಾಡನ್ನು ಕಟ್ಟಿದ ಇಬ್ಬರಲ್ಲಿ ಒಬ್ಬ ಹಳೆಯ ಸಂಗಾತಿ ರಾಬಿ ರೋಸ. ಹಾಡು ಇಂಗ್ಲಿಷಿನದು, ಆದರೆ ಪಲ್ಲವಿಯ ತಿರುಳಿನ ಮಾತು ಸ್ಪ್ಯಾನಿಷಿನದು. ಹದಿನೈದು ವರ್ಷಗಳ ಹಿಂದೆ ಪೂರ್ತಿ ಕಳಚಿಟ್ಟಿದ್ದ ಅಂಗಿಯ ಒಂದು ಸೆರಗು ಒಳಕ್ಕೆ ಬಂದಂತಾಯಿತು. 2017ರಲ್ಲಿ ಅದೇ ದ್ವೀಪದ ಲೂಯಿಸ್ ಫೋನ್ಸಿ ಮತ್ತು ಡ್ಯಾಡಿ ಯಾಂಕಿ ಹಾಡಿದ ‘ದೆಸ್ಪಸೀತೊ’ ಆ ಪಟ್ಟಿಯ ತುದಿಯಲ್ಲಿ 16 ವಾರ ಕುಳಿತಿತು. ಬಹುಪಾಲು ಸ್ಪ್ಯಾನಿಷ್, ಈ ಬಾರಿ ಜಸ್ಟಿನ್ ಬೀಬರ್ ಎಂಬ ಇಂಗ್ಲಿಷ್ ಗಾಯಕನೇ ಸ್ಪ್ಯಾನಿಷ್ ಉಚ್ಚಾರಣೆ ಕಲಿತು ದನಿಗೂಡಿಸಬೇಕಾಯಿತು. 2020ರಲ್ಲಿ ಬ್ಯಾಡ್ ಬನ್ನಿ ಎಂಬ ಪೋರ್ಟೊರಿಕೊದ ಗಾಯಕನ ಮುದ್ರಿಕೆ, ಪೂರ್ಣ ಸ್ಪ್ಯಾನಿಷಿನದು, ಅಮೆರಿಕದ ಮುದ್ರಿಕೆಗಳ ಪಟ್ಟಿಯಲ್ಲಿ ಮೊದಲನೆಯದಾಯಿತು. ಆ ಭಾಷೆಯ ಮುದ್ರಿಕೆಗೆ ಅದು ಮೊದಲ ಸಲ.

ದ್ವೀಪದ ಶಾಸನಸಭೆ ಮಾತ್ರ ತೂಗುಯ್ಯಾಲೆಯಲ್ಲಿತ್ತು. 1991ರಲ್ಲಿ ಸ್ಪ್ಯಾನಿಷೊಂದೇ ಆಡಳಿತಭಾಷೆ ಎಂದಿತು. 1993ರಲ್ಲಿ ಮತ್ತೆ ಎರಡೂ ಇರಲಿ ಎಂದಿತು. ಕಾನೂನು ಎರಡು ವರ್ಷಕ್ಕೊಮ್ಮೆ ಬದಲಾಗಬಹುದು. ಜನರು ಯಾವ ಭಾಷೆಯಲ್ಲಿ ತೊಟ್ಟಿಲು ತೂಗುವರೋ ಅದು ಅಷ್ಟು ಬೇಗ ಬದಲಾಗುವುದಿಲ್ಲ. ಪರಭಾಷೆಯಲ್ಲಿ ಹಾಡುವುದು ತಪ್ಪೆಂದು ನಾನು ಹೇಳಲಾರೆ. ಹಾಗೆ ಹಾಡಿದ ಹುಡುಗರೇ ಬಾಗಿಲ ಚಿಲಕವನ್ನು ಸಡಿಲಿಸಿದವರು. ಆದರೆ ಬಾಗಿಲು ಪೂರ್ತಿ ತೆರೆದುದು, ಒಳಗೆ ಹೋದವರು ತಮ್ಮ ಮಾತಿನಲ್ಲಿಯೇ ಮಾತಾಡಲು ಆರಂಭಿಸಿದ ಮೇಲೆ.